ಭಾವನ ಕಾಲಿನ ಉರಿ: ಕೆಲವು ಟಿಪ್ಪಣಿಗಳು

1
ಮಧ್ಯಾಹ್ನ ಅಕ್ಕ ಭಾವನ ಪಾದ ಒರೆಸುತ್ತಿದ್ದಳು. ಹೆಬ್ಬೆರಳಿನ ಉಗುರಿನ ಪಕ್ಕ ರಕ್ತ ಒಣಗಿತ್ತು. ಗಾಲಿಕುರ್ಚಿ ಬಾಗಿಲಿಗೆ ತಾಗಿದಾಗ ಆದ ಗಾಯವಿರಬೇಕು. ಭಾವನಿಗೆ ಗೊತ್ತೇ ಆಗಿರಲಿಲ್ಲ. ಅದೇ ಪಾದ ರಾತ್ರಿ ಹನ್ನೊಂದರ ಹೊತ್ತಿಗೆ ಕೆಂಡದ ಮೇಲಿಟ್ಟ ಹಾಗೆ ಉರಿಯುತ್ತದೆ ಎನ್ನುತ್ತಾರೆ. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ, ಕೊಳೆರೋಗಕ್ಕೆ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿ ಬಿದ್ದವರು. ಹೊಕ್ಕುಳಿನಿಂದ ಕೆಳಗೆ ಸ್ಪರ್ಶವಿಲ್ಲ. ಸ್ಪರ್ಶವಿಲ್ಲದ ಕಡೆ ಉರಿ ಎಲ್ಲಿಂದ ಬರುತ್ತದೆ?

2
‘ನೋವು’ ಎಂಬ ಒಂದೇ ಮಾತು ಭಾವನಿಗೆ ಸಾಲುವುದಿಲ್ಲ. ಪಾದದಲ್ಲಿ ಉರಿ, ಮೀನಖಂಡದಲ್ಲಿ ಜುಮುಜುಮು, ತೊಡೆಯಲ್ಲಿ ಆಗಾಗ ಕರೆಂಟು ಹೊಡೆದ ಹಾಗೆ. ಸ್ಪರ್ಶ ಮುಗಿಯುವ ಗಡಿಯಲ್ಲಿ ಸೊಂಟದ ಸುತ್ತ ಹಗ್ಗ ಬಿಗಿದ ಹಾಗೆ. ಅಲ್ಲಿ ಲುಂಗಿಯ ಅಂಚು ಸೋಕಿದರೂ ತಡೆಯಲಾಗದು. ಗಾಲಿ ತಳ್ಳಿ ತಳ್ಳಿ ಬರುವ ಭುಜದ ನೋವು ಬೇರೆಯೇ. ಅದು ಸಾಮಾನ್ಯ ನೋವಿನ ಮಾತ್ರೆಗೆ ಇಳಿಯುತ್ತದೆ, ಉರಿ ಇಳಿಯುವುದಿಲ್ಲ. ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜ್ಯಾಕ್ 1975ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ನೋವನ್ನು ಬಣ್ಣಿಸುವ 78 ಪದಗಳಿವೆ. ರೋಗಿ ಆರಿಸುವ ಪದವೇ ವೈದ್ಯರಿಗೆ ಸುಳಿವು. ಭಾವನ ಪದಗಳನ್ನೆಲ್ಲ ಬರೆದಿಟ್ಟುಕೊಳ್ಳಬೇಕು.

3
ನೋಡಲು ಬಂದವರು ಹೇಳುತ್ತಿದ್ದ ಮಾತು: “ನೋವು ಬಂತು ಅಂದ್ರೆ ನರಕ್ಕೆ ಜೀವ ಬರ್ತಾ ಇದೆ ಅಂತಲೇ ಅರ್ಥ.” ಬಿದ್ದು ನಾಲ್ಕು ತಿಂಗಳಿಗೆ ಉರಿ ಶುರುವಾದಾಗ ನಾವೂ ಹಾಗೇ ನಂಬಿದೆವು. ಅಕ್ಕ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಉರಿ ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವ ಹಲ್ಲು ಕಚ್ಚಿ ಮಲಗಿದರು, ಯಾರ ಹತ್ತಿರವೂ ಮಾತ್ರೆ ಕೇಳಲಿಲ್ಲ. ಆ ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಪೆಟ್ಟಿನ ಮಟ್ಟಕ್ಕಿಂತ ಕೆಳಗೆ ಬರುವ ನರನೋವು ಎಷ್ಟೋ ಸಲ ಹೀಗೆ ತಿಂಗಳುಗಳ ಮೇಲೆಯೇ ತಲೆ ಎತ್ತುತ್ತದೆ. ಅದು ಬಂದ ಮಾತ್ರಕ್ಕೆ ಕಾಲು ಚೇತರಿಸುತ್ತಿದೆ ಎನ್ನಲಾಗದು. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಸುಮಾರು ಅರ್ಧದಷ್ಟು ಜನರನ್ನು ನರನೋವು ಕಾಡುತ್ತದೆ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಈ ಮಾತನ್ನು ಯಾರಾದರೂ ಹೇಳಿದ್ದರೆ!

4
ನರನೋವು ಹೌದೋ ಅಲ್ಲವೋ ಎಂದು ನೋಡಲು ವೈದ್ಯರು ಬಳಸುವ ‘ಡಿಎನ್4’ ಎಂಬ ಪಟ್ಟಿ ಓದಿದೆ. ಹತ್ತು ಅಂಶಗಳು; ನಾಲ್ಕಕ್ಕೆ ‘ಹೌದು’ ಬಂದರೆ ನರನೋವಿನ ಸಂಶಯ. ಉರಿ, ಕೊರೆಯುವ ಚಳಿ, ಕರೆಂಟಿನ ಹೊಡೆತ, ತುರಿಕೆ ಎಲ್ಲ ಅದರಲ್ಲಿವೆ. ನಾನು ತಡೆದು ನಿಂತದ್ದು ಮುಂದಿನ ಸಾಲುಗಳಲ್ಲಿ: ಆ ಜಾಗ ಮರಗಟ್ಟಿದೆಯೇ? ಮುಟ್ಟಿದರೆ, ಚುಚ್ಚಿದರೆ ಅಲ್ಲಿ ಕಡಿಮೆ ತಿಳಿಯುತ್ತದೆಯೇ? ಇಷ್ಟು ದಿನ ಸ್ಪರ್ಶವಿಲ್ಲ ಎಂಬುದನ್ನೇ ನೋವಿರಲಾರದು ಎನ್ನುವುದಕ್ಕೆ ಕಾರಣ ಮಾಡಿಕೊಂಡಿದ್ದೆ. ಪಟ್ಟಿಯಲ್ಲಿ ಅದೇ ನೋವಿನ ಪರವಾಗಿ ಸಾಕ್ಷಿ ಹೇಳುತ್ತಿದೆ.

5
ಅರ್ಥ ಮಾಡಿಕೊಳ್ಳಲು ಪ್ರಯತ್ನಿಸುತ್ತಿದ್ದೇನೆ. ಕಾಲಿನ ಸುದ್ದಿ ಬೆನ್ನುಹುರಿಯಲ್ಲಿ ಮೇಲೇರಿ ಮಿದುಳಿಗೆ ಮುಟ್ಟಬೇಕು. ದಾರಿ ತುಂಡಾಗಿದೆ, ಆದರೆ ಸುದ್ದಿಗಾಗಿ ಕಾದಿರುವ ನರಕೋಶಗಳು ಮೇಲೆ ಬದುಕಿವೆ. ಮನೆಯವರೆಲ್ಲ ಹೋದ ಮೇಲೆ ಒಂಟಿಯಾಗಿ ಉಳಿದ ನಾಯಿ ಎಲೆ ಅಲುಗಿದರೂ ಬೊಗಳುತ್ತದಲ್ಲ, ಹಾಗೆ ಅವು ಸುದ್ದಿ ಇಲ್ಲದೆಯೇ ಮಿಡಿಯತೊಡಗುತ್ತವೆ. ಮಿದುಳು ಅದನ್ನು ಕಾಲಿನ ಕೂಗು ಎಂದೇ ಕೇಳುತ್ತದೆ. 1978ರಲ್ಲಿ ಮೆಲ್ಜ್ಯಾಕ್ ಮತ್ತು ನರಶಸ್ತ್ರವೈದ್ಯ ಜಾನ್ ಲೋಸರ್ ಬರೆದ ಲೇಖನದಲ್ಲಿ, ಬೆನ್ನುಹುರಿಯ ಒಂದು ತುಂಡನ್ನೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮೇಲೂ ಕಾಲುನೋವು ಬಿಡದವರ ವಿವರವಿದೆ. ಇಷ್ಟಾದ ಮೇಲೆ ‘ಎಲ್ಲ ಮನಸ್ಸಿನ ಭ್ರಮೆ’ ಎನ್ನುವ ಬಾಯಿ ನನಗಿಲ್ಲ.

6
ಉರಿಗೆ ವೈದ್ಯರು ಬರೆದುಕೊಟ್ಟ ಮಾತ್ರೆಗಳ ಗೊಂದಲ. ಪ್ರಿಗ್ಯಾಬಲಿನ್ ಫಿಟ್ಸ್‌ಗೂ ಕೊಡುವ ಔಷಧ. ಅಮಿಟ್ರಿಪ್ಟಿಲಿನ್ ಖಿನ್ನತೆಗೆ ಬಂದದ್ದು. ಯಾರೋ “ಇದು ತಲೆ ಸರಿಯಿಲ್ಲದವರ ಮಾತ್ರೆ” ಎಂದರಂತೆ. ಭಾವ ಒಂದು ವಾರ ನುಂಗಲೇ ಇಲ್ಲ. ಆ ವಾರ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಮಿತಿಮೀರಿ ಮಿಡಿಯುವ ನರವನ್ನು ತಣಿಸುವ ಗುಣ ಅವುಗಳಿಗಿದೆ, ಅದಕ್ಕೇ ಕೊಡುತ್ತಾರೆ. ಒಮ್ಮೆಲೇ ನಿಲ್ಲಿಸಬಾರದು. ತೂಕಡಿಕೆ, ಬಾಯಿ ಒಣಗುವುದು, ಮಲಬದ್ಧತೆ ಜೊತೆಗೇ ಬರುತ್ತವೆ. ಉರಿ ಪೂರ್ತಿ ಹೋಗುವುದಿಲ್ಲ. ನೋವಿನ ಅಳತೆಯಲ್ಲಿ ಎಂಟು ಇದ್ದದ್ದು ಐದಾಗುತ್ತದೆ. ಐದಾದರೆ ಭಾವ ನಿದ್ದೆ ಮಾಡುತ್ತಾರೆ.

7
ಅಕ್ಕ ಕಂಡುಕೊಂಡದ್ದು: ಉರಿ ಇದ್ದಕ್ಕಿದ್ದಂತೆ ಏರಿದರೆ ಮೊದಲು ಮೂತ್ರದ ಬಣ್ಣ, ಆಮೇಲೆ ಹೊಟ್ಟೆ, ಆಮೇಲೆ ಪೃಷ್ಠದ ಚರ್ಮ ನೋಡಬೇಕು. ಮೂತ್ರದ ಸೋಂಕು, ಮಲಬದ್ಧತೆ, ಹಾಸಿಗೆ ಹುಣ್ಣು, ಇವು ಭಾವನಿಗೆ ನೇರವಾಗಿ ತಿಳಿಯುವುದಿಲ್ಲ. ಉರಿಯ ವೇಷದಲ್ಲಿ ಬರುತ್ತವೆ. ವೈದ್ಯರೂ ಹೌದೆಂದರು. ಇನ್ನೊಂದನ್ನೂ ಹೇಳಿದರು: ವರ್ಷಗಳ ಮೇಲೆ ನೋವೋ ಮರಗಟ್ಟುವಿಕೆಯೋ ಗಡಿ ದಾಟಿ ಮೇಲೇರಿದರೆ ತಡಮಾಡದೆ ಬರಬೇಕು. ಬೆನ್ನುಹುರಿಯೊಳಗೆ ನೀರುಗುಳ್ಳೆ ಬೆಳೆಯುತ್ತಿರಬಹುದು, ಎಂಆರ್‌ಐ ಬೇಕಾಗುತ್ತದೆ. ಬಿಸಿನೀರಿನ ಚೀಲ ಮಾತ್ರ ಬೇಡವೇ ಬೇಡ. ಉರಿಯುವ ಪಾದಕ್ಕೆ ಸುಟ್ಟದ್ದು ತಿಳಿಯುವುದಿಲ್ಲ.

8
ರಾತ್ರಿ. “ತಮ್ಮಾ, ಬಲಗಾಲು ಮಡಚಿ ಅಡಿಗೆ ಸಿಕ್ಕಿಕೊಂಡಿದೆ, ನೋಡು” ಎಂದರು ಭಾವ. ಕಾಲು ನೆಟ್ಟಗೇ ಇತ್ತು. “ನೆಟ್ಟಗಿದೆ ಭಾವ” ಎಂದೆ. ಅವರ ಮುಖದ ಬಿಗಿತ ಸಡಿಲವಾಗಲಿಲ್ಲ. ಅಕ್ಕ ಬಂದಳು. ಏನೂ ಹೇಳದೆ ಕಂಬಳಿ ಸರಿಸಿದಳು, ದಿಂಬು ಎತ್ತರಿಸಿ ಭಾವನಿಗೆ ಕಾಲು ಕಾಣುವಂತೆ ಮಾಡಿದಳು, ನೆಟ್ಟಗಿದ್ದ ಕಾಲನ್ನೇ ಇನ್ನೊಮ್ಮೆ ನೀವಿ ನೆಟ್ಟಗಿಟ್ಟಳು. ಭಾವ ನೋಡುತ್ತಲೇ ಇದ್ದರು. “ಹಾಂ, ಈಗ ಬಿಟ್ಟಿತು.”

ನೋವಿನ ಸಂಶೋಧಕ ಲೋರಿಮರ್ ಮೋಸ್ಲಿ 2007ರಲ್ಲಿ ಇಂಥದ್ದೇ ಒಂದನ್ನು ಪರೀಕ್ಷಿಸಿದ್ದರು. ಕನ್ನಡಿಯಲ್ಲಿ ರೋಗಿಯ ಮೇಲ್ಭಾಗ, ಅದರ ಕೆಳಗೆ ಪರದೆಯ ಮೇಲೆ ನಡೆಯುವ ಕಾಲುಗಳು. ತಾನೇ ನಡೆಯುತ್ತಿರುವಂತೆ ನೋಡುತ್ತಿದ್ದಾಗ ಕೆಲವರಿಗೆ ನೋವು ಇಳಿದಿತ್ತು. ಅಕ್ಕ ಅದನ್ನು ಓದಿದವಳಲ್ಲ. ಕಾಲು ಮಡಚಿದೆ ಎಂದು ಗಂಡ ಹೇಳಿದರು; ಅವಳು ಬಿಡಿಸಲು ಬಂದಳು. ನಾನು ಮೂರು ವರ್ಷದಿಂದ ಅವರ ಮಾತನ್ನು ತಿದ್ದುತ್ತಲೇ ಇದ್ದೆ.