ಹಿಂದಿನ ಸಭೆಯ ನಡಾವಳಿ

ಸ್ಥಳೀಯ ಪತ್ರಿಕೆಯ ಒಳಪುಟದಲ್ಲಿ, ಅಡಿಕೆ ಧಾರಣೆಗೂ ಶ್ರದ್ಧಾಂಜಲಿಗೂ ನಡುವೆ, ಒಂದು ಸುದ್ದಿ ತಪ್ಪದೆ ಇರುತ್ತದೆ. ಸೇವಾ ಸಂಸ್ಥೆಯೊಂದರ ವಾರದ ಸಭೆ. ಅಧ್ಯಕ್ಷತೆ ಇಂಥವರದು, ಮುಖ್ಯ ಅತಿಥಿ ಇಂಥವರು. ಒಬ್ಬರು ಪ್ರಾರ್ಥಿಸಿದರು, ಒಬ್ಬರು ಸ್ವಾಗತಿಸಿದರು, ಮತ್ತೊಬ್ಬರು ವಂದಿಸಿದರು. ಚಿತ್ರದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ನಾವು ಇದನ್ನು ಅರೆನಗುತ್ತ ಓದುತ್ತೇವೆ, ಆದರೂ ಓದದೆ ಬಿಡುವುದಿಲ್ಲ; ಪರಿಚಿತರ ಹೆಸರು ಹುಡುಕುವ ಚಪಲ ಯಾರಿಗಿಲ್ಲ? ಸುದ್ದಿ ಅಚ್ಚಾಗುವ ಬಗ್ಗೆ ನನ್ನ ತಕರಾರಿಲ್ಲ. ಇಂಥ ಸಭೆಯ ಸತ್ವವೆಲ್ಲ ಅದು ಮುಂದಿನ ವಾರ ಮತ್ತೆ ಸೇರುತ್ತದೆ ಎಂಬುದರಲ್ಲಿದೆ, ಸುದ್ದಿಯಲ್ಲಿ ಬಿಟ್ಟುಹೋಗುವುದೂ ಅದೇ ಎಂಬುದು ನನ್ನ ವಾದ.

ಇಂಥ ಸೇವಾ ಸಂಸ್ಥೆಗಳಲ್ಲೊಂದಾದ ರೋಟರಿಯ ಹುಟ್ಟನ್ನೇ ನೋಡಿ. 1905ರ ಫೆಬ್ರವರಿ 23ರಂದು ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ಮೂವರು ಸ್ನೇಹಿತರೊಡನೆ ಕುಳಿತ. ಆಮೇಲೆ ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರಿದರು. ಅವರು ಮೊದಲು ಕೈಹಾಕಿದ ಊರ ಕೆಲಸಗಳಲ್ಲೊಂದು ಸಾರ್ವಜನಿಕ ಶೌಚಾಲಯ. ಅದೇ ವರ್ಷ ನಮ್ಮ ಗದಗಿನ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿತು. ಇದು ಅವರಿಗೆ ಗೊತ್ತಿಲ್ಲ, ಅದು ಇವರಿಗೆ ಗೊತ್ತಿಲ್ಲ. ಆದರೆ ಗೊತ್ತುಮಾಡಿದ ದಿನ ತಪ್ಪದೆ ಸೇರಿದರೆ ಸಾಮಾನ್ಯರ ಕೈಯಲ್ಲೂ ಕೆಲಸ ಆಗುತ್ತದೆ ಎಂಬ ನಂಬಿಕೆ ಎರಡು ಕಡೆಯೂ ಒಂದೇ. ಮಲೆನಾಡಿಗೆ ಈ ನಂಬಿಕೆ ಇನ್ನಷ್ಟು ಬೇಕು. ಬಯಲುಸೀಮೆಯಂತೆ ಊರೆಲ್ಲ ಒಂದೆಡೆ ಇರುವ ನಾಡಲ್ಲ ಇದು. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ಗುಡ್ಡ, ಹಳ್ಳ. ಮಳೆ ಹಿಡಿದರೆ ಸುಮ್ಮಸುಮ್ಮನೆ ಯಾರೂ ಹೊರಬೀಳುವುದಿಲ್ಲ. ಇಲ್ಲಿ ಜನ ತಾವಾಗಿ ಕೂಡುವುದಿಲ್ಲ, ಕೂಡಿಸಬೇಕು. ಮುಯ್ಯಾಳಿನ ಪದ್ಧತಿ, ಅಡಿಕೆ ಬೆಳೆಗಾರರ ಸಹಕಾರ ಸಂಘವಾದ 1939ರ ಮ್ಯಾಮ್ಕೋಸ್, 1949ರಲ್ಲಿ ಹೆಗ್ಗೋಡಿನಲ್ಲಿ ಶುರುವಾದ ನಾಟಕ ಸಂಸ್ಥೆ ನೀನಾಸಂ, ಎಲ್ಲವೂ ಹಾಗೆ ಕೂಡಿಸಿದ್ದರ ಫಲ. ಹಾಗಾಗಿ ರೋಟರಿ ಸಭೆಯ ಗಂಟೆ, ಅಧ್ಯಕ್ಷರ ಕೊರಳಪಟ್ಟಿ ಪರದೇಶದವಾದರೂ ಸೇರುವ ಅಭ್ಯಾಸ ಪರದೇಶದ್ದಲ್ಲ.

ರಕ್ತದಾನದ ಉದಾಹರಣೆ ತೆಗೆದುಕೊಳ್ಳಿ. ಈ ಸುದ್ದಿಗಳಲ್ಲಿ ಅದರಷ್ಟು ಸಲ ಬರುವ ಕಾರ್ಯಕ್ರಮ ಬೇರೆ ಇಲ್ಲ. ಜಯಂತಿಗೊಂದು, ವಾರ್ಷಿಕೋತ್ಸವಕ್ಕೊಂದು ಶಿಬಿರ, ಇಷ್ಟು ಯೂನಿಟ್ ಸಂಗ್ರಹ ಎಂಬ ಹೆಮ್ಮೆ. ಆದರೆ ಸಾಮಾನ್ಯವಾಗಿ ಬಳಸುವ ದ್ರಾವಣದಲ್ಲಿ ಶೇಖರಿಸಿದ ರಕ್ತ ಉಳಿಯುವುದು 35 ದಿನ. ಪ್ಲೇಟ್‌ಲೆಟ್ ಐದೇ ದಿನ. ಒಮ್ಮೆ ಕೊಟ್ಟ ಗಂಡಸು ಮತ್ತೆ ಕೊಡಬೇಕಾದರೆ ಮೂರು ತಿಂಗಳು ಕಾಯಬೇಕು, ಹೆಂಗಸು ನಾಲ್ಕು ತಿಂಗಳು. ಹೆರಿಗೆಯ ರಕ್ತಸ್ರಾವ, ಅಡಿಕೆ ಮರದಿಂದ ಬಿದ್ದವರ ಗಾಯ ಜಯಂತಿ ನೋಡಿಕೊಂಡು ಬರುವುದಿಲ್ಲ. ಒಂದೇ ದಿನ ಊರೆಲ್ಲ ಸಾಲುಗಟ್ಟಿ ಕೊಡುವುದಕ್ಕಿಂತ, ಈ ತಿಂಗಳು ಯಾರ ಸರದಿ ಎಂದು ಪಟ್ಟಿ ಹಿಡಿದು ಕೇಳುವವರಿರುವುದು ಮೇಲು. ಅಂಥ ಪಟ್ಟಿ ಇಟ್ಟುಕೊಳ್ಳಲು ವಾರವಾರ ಸೇರುವ ಸಭೆಗಿಂತ ಒಳ್ಳೆಯ ಜಾಗ ಯಾವುದು?

ಇದು ಉಳ್ಳವರ ಕೂಟ, ಚಹಾ–ತಿಂಡಿಯ ನೆಪ ಎನ್ನುವವರಿದ್ದಾರೆ. ಪೂರ್ತಿ ಸುಳ್ಳಲ್ಲ. ರೋಟರಿ ತನ್ನ ನಿಯಮ ತಿದ್ದಿ ಮಹಿಳೆಯರಿಗೆ ಬಾಗಿಲು ತೆರೆದದ್ದೇ 1989ರಲ್ಲಿ. ಕೂಲಿಯವರಿಗೆ ಆ ಬಾಗಿಲು ಇವತ್ತಿಗೂ ದೂರವೇ. ಸರ್ಕಾರ ಮಾಡಬೇಕಾದ್ದನ್ನು ಇವರೇಕೆ ಮಾಡಬೇಕು ಎಂಬ ಆಕ್ಷೇಪಕ್ಕೆ ಮಾತ್ರ ಪೋಲಿಯೊ ಉತ್ತರ ಕೊಡುತ್ತದೆ. ಮನೆಮನೆ ಅಲೆದು ಹನಿ ಹಾಕಿದ ದೊಡ್ಡ ಪಾಲು ಸರ್ಕಾರಿ ಆರೋಗ್ಯ ಕಾರ್ಯಕರ್ತೆಯರದೇ, ಸಂಶಯವಿಲ್ಲ. ಆದರೆ 1985ರಿಂದ ಹಣ, ಜನ, ಪ್ರಚಾರ ಕೊಟ್ಟು ಬೆನ್ನಿಗೆ ನಿಂತದ್ದು ರೋಟರಿ. ದೇಶದ ಕೊನೆಯ ಪ್ರಕರಣ ಹೌರಾದಲ್ಲಿ ಕಂಡದ್ದು 2011ರ ಜನವರಿಯಲ್ಲಿ, ಪೋಲಿಯೊ ಮುಕ್ತ ಪ್ರಮಾಣಪತ್ರ ಸಿಕ್ಕಿದ್ದು 2014ರ ಮಾರ್ಚ್ 27ರಂದು. ನಡುವಿನ ಮೂರು ವರ್ಷ ರೋಗವೂ ಇಲ್ಲ, ಸುದ್ದಿಯೂ ಇಲ್ಲ. ಹನಿ ಹಾಕುವುದು ಮಾತ್ರ ನಿಲ್ಲಲಿಲ್ಲ. ಸುದ್ದಿಯಾಗದ ಆ ಮೂರು ವರ್ಷವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಜನ ಓದಬೇಕಾದದ್ದು ಸುದ್ದಿಯಾಗದ ಇಂಥ ಮುಂದುವರಿಕೆಯನ್ನೇ. ಉದ್ಘಾಟನೆಯ ದಿನ ಎಲ್ಲ ಶೌಚಾಲಯಗಳೂ ಚೆನ್ನಾಗಿಯೇ ಇರುತ್ತವೆ. ಮಳೆಗಾಲದ ಭಾನುವಾರ ಜೋಗಕ್ಕೆ ಬರುವ ಬಸ್ಸುಗಳನ್ನು ನೋಡಿದವರಿಗೆ ಅವುಗಳ ಆಮೇಲಿನ ಕಥೆ ಹೇಳಬೇಕಿಲ್ಲ. ಆಮೇಲೇನಾಯಿತು ಎಂದು ಕೇಳುವ ಕ್ರಮ ನಮ್ಮಲ್ಲೇ ಇದೆ: ನಮ್ಮ ಸಹಕಾರ ಸಂಘಗಳ ಕಾರ್ಯಸೂಚಿಯಲ್ಲಿ ಮೊದಲ ವಿಷಯ, ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು. ಆಕಳಿಸುತ್ತ ಕೇಳುವ ಭಾಗವಾದರೂ ಸಂಘದ ಲೆಕ್ಕ ನಿಂತಿರುವುದು ಅದರ ಮೇಲೆ. ಸೇವಾ ಸಂಸ್ಥೆಗಳ ಕಾರ್ಯದರ್ಶಿಗಳೇ, ಮುಂದಿನ ವಾರ ಪತ್ರಿಕೆಗೆ ಸುದ್ದಿ ಕಳಿಸುವಾಗ ಸ್ವಾಗತ, ವಂದನಾರ್ಪಣೆ ಇರಲಿ. ಅದಕ್ಕೂ ಮೊದಲು, ಹೋದ ವರ್ಷ ಶಾಲೆಗೆ ಕೊಟ್ಟ ನೀರಿನ ಫಿಲ್ಟರ್ ಈಗ ನಡೆಯುತ್ತಿದೆಯೇ ಎಂದು ಒಂದು ಸಾಲು ಬರೆಯಿರಿ.