ಬತ್ತಿದ ಕೆಚ್ಚಲೊಳಗಿನ ಕೆಲಸ

ನಮ್ಮ ಮೂರನೇ ಸೂಲಿನ ಎಚ್‌ಎಫ್ ಹಸುವಿಗೆ ಗಬ್ಬ ಏಳು ತಿಂಗಳು ತುಂಬಿ ಮೇಲೆ ಹತ್ತು ದಿನ. ದಿನಕ್ಕೆ ಆರು ಲೀಟರ್ ಕೊಡ್ತಿತ್ತು. ನಿನ್ನೆಯಿಂದ ಕರೆಯೋದು ನಿಲ್ಲಿಸಿದೀನಿ. ಡೈರಿ ಹತ್ರ ಸಿಕ್ಕವರೆಲ್ಲ "ಬಟವಾಡೆ ತರೋ ಹಸೂನ ಯಾಕಣ್ಣ ಬತ್ತಿಸ್ತೀರ?" ಅಂತಾರೆ. ಮಗಳ ಫೀಸು ಕಟ್ಟೋದೂ ಈ ದುಡ್ಡಲ್ಲೇ, ಹಾಗಾಗಿ ಮನೆಯಲ್ಲೂ ಅದೇ ಪ್ರಶ್ನೆ. ಉತ್ತರ ಇಲ್ಲಿ ಬರೀತಿದೀನಿ.

ಕರು ಹಾಕಿದ ಮೇಲೆ ಹಾಲು ಶುರು ಅಂತ ನಾವೆಲ್ಲ ಹೇಳ್ತೀವಿ. ಆದರೆ ಕೆಚ್ಚಲಿನೊಳಗೆ ಕೆಲಸ ಎರಡು ತಿಂಗಳು ಮೊದಲೇ ಹತ್ತಿರುತ್ತೆ. ಕರೆಯೋದು ನಿಂತಾಗ, ಹಾಲು ಮಾಡಿ ಮಾಡಿ ಸವೆದ ಜೀವಕೋಶಗಳು ಹೋಗಿ ಹೊಸವು ಹುಟ್ಟುತ್ತವೆ. ಗಬ್ಬ ಇರೋವರೆಗೆ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನು ಅವು ಜೋರಾಗಿ ಹಾಲು ಮಾಡದಂತೆ ತಡೆದಿರುತ್ತೆ. ಈಯೋಕೆ ಒಂದೆರಡು ದಿನ ಇದೆ ಅನ್ನುವಾಗ ಅದು ಇಳಿಯುತ್ತೆ, ಪ್ರೊಲ್ಯಾಕ್ಟಿನ್ ಏರುತ್ತೆ. ಕೆರೆ ತೂಬು ಎತ್ತಿದ ಹಾಗೆ. ತೂಬು ಎತ್ತಿದಾಗ ಎಷ್ಟು ಹರಿಯುತ್ತೆ ಅನ್ನೋದು ಅಷ್ಟೊತ್ತಿಗೆ ಎಷ್ಟು ಹೊಸ ಕೋಶ ತಯಾರಾಗಿವೆ ಅನ್ನೋದರ ಮೇಲಿದೆ. ಗಿಣ್ಣು ಕೂಡ ಕೊನೇ ವಾರಗಳಲ್ಲೇ ಕಟ್ಟೋದು. ಹೊಟ್ಟೆಯಲ್ಲಿದ್ದಾಗ ಕರುವಿಗೆ ತಾಯಿ ರಕ್ತದಿಂದ ರೋಗ ತಡೆಯೋ ಶಕ್ತಿ ಬರಲ್ಲ. ಹುಟ್ಟಿದ ಮೇಲೆ ಗಿಣ್ಣಿನಿಂದಲೇ ಬರಬೇಕು, ಅದೂ ಮೊದಲ ಕೆಲವು ಗಂಟೆಗಳಲ್ಲಿ.

ಈಗ ಲೆಕ್ಕ. 60 ದಿನ ಆರಾರು ಲೀಟರ್ ಕರೆದರೆ 360 ಲೀಟರ್. ಅದೂ ದಿನ ಕಳೆದಂತೆ ಇಳಿಯೋ ಹಾಲು. ಬಿಡುವೇ ಕೊಡದೆ ಕರೆದ ಹಸು ಮುಂದಿನ ಸೂಲಿನಲ್ಲಿ ಸಾಮಾನ್ಯವಾಗಿ ಐದರಲ್ಲಿ ಒಂದು ಪಾಲಾದರೂ ಕಡಿಮೆ ಕೊಡುತ್ತೆ. ನಮ್ಮದು ಈ ಸೂಲಿನಲ್ಲಿ ಸುಮಾರು 3000 ಲೀಟರ್ ಹಾಕಿದೆ. ಐದನೇ ಒಂದು ಪಾಲು ಅಂದರೆ 600. ಫೀಸಿಗೆ ಎರಡು ತಿಂಗಳು ಕಷ್ಟ ಆಗುತ್ತೆ, ನಿಜ. ಸಂಘದಲ್ಲಿ ಸ್ವಲ್ಪ ಸಾಲ ತಗೊಂಡು, ಈದ ಮೇಲೆ ತೀರಿಸೋದು ಅಂತ ಮನೆಯವರೂ ಒಪ್ಪಿದ್ದಾರೆ.

ನಿಲ್ಲಿಸೋ ವಾರ ಹಿಂಡಿ, ಬೂಸ ಕಡಿಮೆ ಮಾಡಿ ರಾಗಿಹುಲ್ಲು ಜಾಸ್ತಿ ಹಾಕಿದೆ. ನೀರು ಮಾತ್ರ ಕಡಿಮೆ ಮಾಡಲಿಲ್ಲ. ಕೊನೇ ಸಲ ಪೂರ್ತಿ ಕರೆದು, ಡಾಕ್ಟರ್ ಬರೆದುಕೊಟ್ಟ ಟ್ಯೂಬನ್ನ ನಾಲ್ಕೂ ಮೊಲೆಗೆ ಏರಿಸಿದ್ದಾಯ್ತು. ಮೊದಲ ವಾರ ಕೆಚ್ಚಲು ಬಿಗಿಯಾಗೋದು ಸಹಜ, ಪಾಪ ಅಂತ ಮತ್ತೆ ಕರೆಯೋಕೆ ಹೋಗಬೇಡಿ. ಕೆಂಪಾಗಿ ಬಿಸಿಯಾದರೆ, ಹಸು ಮೇವು ಬಿಟ್ಟರೆ, ತಡಮಾಡದೆ ಡಾಕ್ಟರನ್ನ ಕರೆಸಿ.

ಗಬ್ಬ ಸುಮಾರು 280 ದಿನ. ನಿಮ್ಮ ಹಸುವಿಗೆ ಗಬ್ಬದ ಇಂಜೆಕ್ಷನ್ ಕೊಡಿಸಿದ ತಾರೀಕು ಕ್ಯಾಲೆಂಡರಿನಲ್ಲಿ ಹುಡುಕಿ, ಅಲ್ಲಿಂದ 220 ದಿನ ಎಣಿಸಿ, ಆ ದಿನಕ್ಕೊಂದು ಗುಂಡು ಸುತ್ತಿ.