ಕುದುರೆಯ ಬಾಲ ಸೋತಾಗ

ಹತ್ತನೆಯ ತರಗತಿಗೆ ನರಮಂಡಲದ ಪಾಠ ಮಾಡುವಾಗ ಪುಸ್ತಕದಲ್ಲಿಲ್ಲದ ಒಂದು ಮಾತು ಸೇರಿಸುವುದು ನನ್ನ ಅಭ್ಯಾಸ. ನಮ್ಮ ಬೆನ್ನುಹುರಿ ಬೆನ್ನುಮೂಳೆಯ ಕೊನೆಯ ತನಕ ಇಳಿಯುವುದಿಲ್ಲ. ಸೊಂಟದ ಮೊದಲ ಒಂದೆರಡು ಕಶೇರುಗಳ ಬಳಿಯೇ ಮುಗಿದುಬಿಡುತ್ತದೆ. ಅಲ್ಲಿಂದ ಕೆಳಕ್ಕೆ ನರಗಳ ಒಂದು ಕಟ್ಟು ಜೋತಿರುತ್ತದೆ. ಹಳಬರಿಗೆ ಅದು ಕುದುರೆಯ ಬಾಲದಂತೆ ಕಂಡಿತು. ಲ್ಯಾಟಿನ್ನಿನಲ್ಲಿ ‘ಕಾಡ ಈಕ್ವೈನ’ ಎಂದು ಹೆಸರಿಟ್ಟರು. “ಕುದುರೆಗೂ ಈ ಕುದುರೆಬಾಲ ಇದೆಯಾ ಸಾರ್?” ಎಂದು ಹುಡುಗಿಯೊಬ್ಬಳು ಕೇಳಿದ್ದಳು. ಇದೆ. ಅದಕ್ಕೆ ಬರುವ ಕಾಯಿಲೆಯೂ ಇದೆ.

1897ರಲ್ಲಿ ಡೆಕ್ಸ್‌ಲರ್ ವಿವರಿಸಿದ ಈ ಕಾಯಿಲೆಗೆ ಈಗಿನ ಹೆಸರು ಪಾಲಿನ್ಯೂರೈಟಿಸ್ ಈಕ್ವೈ. ಅಪರೂಪದ್ದು, ಬೆಳೆದ ಕುದುರೆಗಳಿಗೆ ಬರುವಂಥದ್ದು. ಮೊದಮೊದಲು ಕುದುರೆ ಬಾಲದ ಬುಡವನ್ನು ಗೋಡೆಗೋ ಕಂಬಕ್ಕೋ ಉಜ್ಜುತ್ತದೆ, ಮುಟ್ಟಿದರೆ ಬೆಚ್ಚುತ್ತದೆ. ಆಮೇಲೆ ಆ ಭಾಗ ಮರಗಟ್ಟುತ್ತದೆ. ನೊಣ ಓಡಿಸುತ್ತಿದ್ದ ಬಾಲ ಹಗ್ಗದ ತುಂಡಿನಂತೆ ನೇತಾಡುತ್ತದೆ. ಲದ್ದಿ ಒಳಗೇ ಕಟ್ಟಿಕೊಳ್ಳುತ್ತದೆ. ಮೂತ್ರ ತಾನಾಗಿ ತೊಟ್ಟಿಕ್ಕಿ ತೊಡೆಯ ಚರ್ಮ ಸುಡುತ್ತದೆ. ಕೆಲವಕ್ಕೆ ಮುಖದ ಒಂದು ಪಕ್ಕವೂ ಸೋತು ಕಿವಿ, ತುಟಿ ಜೋಲುತ್ತವೆ. ರೋಗ ಬಾಲಕ್ಕಷ್ಟೇ ನಿಲ್ಲುವುದಿಲ್ಲವೆಂದೇ ಹಳೆಯ ಹೆಸರು ಬದಲಾಯಿತು.

ಲದ್ದಿ ಬೀಳಲಿಲ್ಲವೆಂದರೆ ಯಾರಾದರೂ ಹೊಟ್ಟೆನೋವೆಂದೇ ತಿಳಿಯುತ್ತಾರೆ. ಪಶುವೈದ್ಯನಾಗಿರುವ ನನ್ನ ಹಳೆಯ ಶಿಷ್ಯ ಹೇಳಿದ್ದು ಬೇರೆ: “ಬಾಲ ಸೋತ ಕುದುರೆ ಕಂಡರೆ ನಾವು ಮೊದಲು ನೆನೆಯಬೇಕಾದದ್ದು ರೇಬೀಸ್, ಸಾರ್.” ಹುಚ್ಚುನಾಯಿ ಕಚ್ಚಿದ ಕುದುರೆಯಲ್ಲೂ ಹಿಂಗಾಲು, ಬಾಲ ಸೋಲುವುದುಂಟು. ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬರಿಗೈಯನ್ನು ಬಾಯಿಗೆ ಹಾಕಿದವನ ಗತಿಯೇನು? ಹೆತ್ತವರು ಈ ಸಾಲನ್ನು ಮಕ್ಕಳಿಗೆ ಎರಡು ಸಲ ಓದಿ ಹೇಳಲಿ. ಕುದುರೆಯ ಹರ್ಪಿಸ್ ವೈರಸ್ಸೂ ಇಂಥದೇ ಲಕ್ಷಣ ತರಬಲ್ಲದು.

ಇವೆಲ್ಲ ಅಲ್ಲವೆಂದಾದರೆ ಉಳಿಯುವುದು ಒಂದು ವಿಚಿತ್ರ ಅನುಮಾನ: ಕುದುರೆಯ ಕಾವಲುಗಾರನೇ ಮನೆಗೆ ಕನ್ನ ಹಾಕಿದ್ದಾನೆ. ನರದ ಮೇಲಿನ ಮಯಲಿನ್ ಹೊದಿಕೆಯಲ್ಲಿ ಪಿ2 ಎಂಬ ಪ್ರೋಟೀನಿದೆ. ರೋಗಿ ಕುದುರೆಗಳ ರಕ್ತದಲ್ಲಿ ಅದರ ವಿರುದ್ಧವೇ ಪ್ರತಿಕಾಯಗಳು ಸಿಕ್ಕಿವೆ. 1955ರಲ್ಲಿ ವಾಕ್ಸ್‌ಮನ್ ಮತ್ತು ಆಡಮ್ಸ್ ನರದ ಅಂಶವನ್ನು ಮೊಲಗಳಿಗೆ ಚುಚ್ಚಿ ಇಂಥದೇ ಉರಿಯೂತ ತರಿಸಿದ್ದರು. ಆದರೂ ಕುದುರೆಯಲ್ಲಿ ಇದನ್ನು ಹೊತ್ತಿಸುವ ಕಿಡಿ ಯಾವುದೆಂದು ತೀರ್ಮಾನವಾಗಿಲ್ಲ.

ಮನುಷ್ಯರಲ್ಲಿ ಇದಕ್ಕೆ ಹತ್ತಿರದ್ದು ಗಿಯಾನ್–ಬಾರೆ ರೋಗ. 1916ರಲ್ಲಿ ಗಿಯಾನ್, ಬಾರೆ, ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ವೈದ್ಯರು ಇಬ್ಬರು ಸೈನಿಕರಲ್ಲಿ ಅದನ್ನು ಗುರುತಿಸಿದರು. ಉಸಿರಾಟಕ್ಕೆ ಯಂತ್ರ ಬೇಕಾದವರೂ ಅದರಿಂದ ಎದ್ದು ಓಡಾಡಿದ್ದಾರೆ. ಕುದುರೆಗೆ ಆ ಭಾಗ್ಯವಿಲ್ಲ. ನರದ ಬೇರುಗಳ ಸುತ್ತ ಗಾಯದ ಅಂಗಾಂಶ ದಪ್ಪಗೆ ಬೆಳೆದುಬಿಡುತ್ತದೆ. ಸ್ಟಿರಾಯ್ಡ್ ಕೊಟ್ಟರೂ ನೆಮ್ಮದಿ ಕೆಲವೇ ದಿನ. ಒಡೆಯನಾದವನು ದಿನವೂ ಕೈಯಿಂದ ಲದ್ದಿ ತೆಗೆಯಿಸಬೇಕು, ಮೂತ್ರಕ್ಕೆ ನಳಿಕೆ ಹಾಕಿಸಬೇಕು, ತೊಡೆ ತೊಳೆದು ಮುಲಾಮು ಹಚ್ಚಬೇಕು. ಹೀಗೆ ತಿಂಗಳುಗಟ್ಟಲೆ ನೋಡಿಕೊಂಡವರೂ ಕೊನೆಗೊಂದು ದಿನ ವೈದ್ಯರಿಗೆ ಹೇಳಿ ಕಳಿಸುತ್ತಾರೆ. ಆ ಚುಚ್ಚುಮದ್ದು ಕೊಡುವಾಗ ಕುದುರೆ ಮೇವು ತಿನ್ನುತ್ತಿರುತ್ತದಂತೆ. ಹಸಿವು ಅದಕ್ಕೆ ಕೊನೆಯ ತನಕ ಇರುತ್ತದಂತೆ. ನನ್ನ ಶಿಷ್ಯ ಇಷ್ಟು ಹೇಳಿ ಸುಮ್ಮನಾದ.